ಮುಪ್ಪಿಗೆ ಮದ್ದು: ಬೀದರ್ ಸೀಮೆಯಲ್ಲಿ ಆಯುಷ್ಯದ ಚರಿತ್ರೆ

ಮುಪ್ಪನ್ನು ಮುಂದೂಡಿ, ಇರುವಷ್ಟು ದಿನ ಗಟ್ಟಿಮುಟ್ಟಾಗಿ ಬಾಳುವ ವಿದ್ಯೆಗೆಂದೇ ಆಯುರ್ವೇದ ತನ್ನ ಎಂಟು ಅಂಗಗಳಲ್ಲಿ ಒಂದನ್ನು ಮೀಸಲಿಟ್ಟಿದೆ. ಅದರ ಹೆಸರು ರಸಾಯನ ತಂತ್ರ. ಚರಕಸಂಹಿತೆಯ ಚಿಕಿತ್ಸಾಸ್ಥಾನ ಶುರುವಾಗುವುದು ರಸಾಯನದಿಂದಲೇ. ಜ್ವರದ ಸರದಿ ಬರುವುದು ಆಮೇಲೆ. ನೆಲ್ಲಿ, ಅಳಲೆ, ಹಿಪ್ಪಲಿ, ಅಮೃತಬಳ್ಳಿ, ಕರಿಗೇರು ಇದರ ಮುಖ್ಯ ಸಾಮಗ್ರಿ. ಹಣ್ಣು ಹಣ್ಣು ಮುದುಕನಾಗಿದ್ದ ಚ್ಯವನ ಋಷಿ ಮತ್ತೆ ಯುವಕನಾದ ಕಥೆಯೂ, ಇಂದು ಅಂಗಡಿಯಲ್ಲಿ ಡಬ್ಬಿಯಾಗಿ ಮಾರಾಟವಾಗುವ ಚ್ಯವನಪ್ರಾಶವೂ ಬಂದದ್ದು ಇಲ್ಲಿಂದ.

ಚರಕ ಹೇಳುವ ರಸಾಯನ ಸೇವನೆಗೆ ಎರಡು ದಾರಿಗಳಿವೆ. ಒಂದು ಕುಟೀಪ್ರಾವೇಶಿಕ. ಒಂದರೊಳಗೊಂದು ಮೂರು ಸುತ್ತಿನ ಕೋಣೆಗಳಿರುವ, ಗಾಳಿ ಬಿಸಿಲು ಗದ್ದಲ ಸೋಕದ, ಸಣ್ಣ ಕಿಂಡಿಗಳ ಕುಟೀರ ಕಟ್ಟಿಸಬೇಕು. ವಮನ ವಿರೇಚನಗಳಿಂದ ದೇಹಶುದ್ಧಿ ಮಾಡಿಕೊಂಡು ಅದರೊಳಗೆ ಹೊಕ್ಕು, ವೈದ್ಯರ ಕಣ್ಗಾವಲಿನಲ್ಲಿ ಪಥ್ಯದ ಮೇಲೆ ದಿನ ಕಳೆಯಬೇಕು. ಇನ್ನೊಂದು ವಾತಾತಪಿಕ, ಅಂದರೆ ಗಾಳಿ ಬಿಸಿಲಿನಲ್ಲಿ ತನ್ನ ಕೆಲಸ ತಾನು ಮಾಡಿಕೊಂಡೇ ಔಷಧ ತೆಗೆದುಕೊಳ್ಳುವ ಕ್ರಮ. ಮೊದಲನೆಯದು ಹೆಚ್ಚು ಫಲಕಾರಿ ಎನ್ನುವ ಸಂಹಿತೆಯೇ ಅದು ಯಾರಿಗೆ ಎಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಿದೆ: ಬಿಡುವು ಇದ್ದವರಿಗೆ, ಹಣ ಇದ್ದವರಿಗೆ, ಆಳುಕಾಳು ಇದ್ದವರಿಗೆ, ಮನಸ್ಸಿನ ಮೇಲೆ ಹತೋಟಿ ಇದ್ದವರಿಗೆ. ಬೀದರ್, ಭಾಲ್ಕಿ, ಔರಾದ್ ಸೀಮೆಯಲ್ಲಿ ದೀರ್ಘಾಯುಷ್ಯದ ಚರಿತ್ರೆ ಬರೆಯುವಾಗ ಈ ಷರತ್ತುಗಳನ್ನು ಮರೆಯುವಂತಿಲ್ಲ. ಇಲ್ಲಿ ಅರಮನೆಯ ಆಯುಷ್ಯವೇ ಬೇರೆ, ಹೊಲದ ಆಯುಷ್ಯವೇ ಬೇರೆ ಎಂಬಂತೆ ಶತಮಾನಗಳು ಕಳೆದಿವೆ.

ಈ ಸೀಮೆಗೆ ವೈದ್ಯಗ್ರಂಥಗಳ ನೆರೆ ಬಹಳ ಹಳೆಯದು. ರಾಷ್ಟ್ರಕೂಟರ ರಾಜಧಾನಿ ಮಳಖೇಡ ದಕ್ಷಿಣಕ್ಕೆ ಹೆಚ್ಚು ದೂರವಿಲ್ಲ. 9ನೇ ಶತಮಾನದ ಜೈನ ವೈದ್ಯ ಉಗ್ರಾದಿತ್ಯ ತನ್ನ ಸಂಸ್ಕೃತ 'ಕಲ್ಯಾಣಕಾರಕ'ದಲ್ಲಿ ಮದ್ಯ ಮಾಂಸಗಳನ್ನು ಬಿಟ್ಟು ಚಿಕಿತ್ಸೆ ಹೇಳಿದವನು. ಔಷಧಕ್ಕೆ ಮಾಂಸ ಅನಗತ್ಯವೆಂದು ರಾಷ್ಟ್ರಕೂಟ ದೊರೆ ನೃಪತುಂಗನ ಸಭೆಯಲ್ಲಿ ವಾದ ಮಂಡಿಸಿದವನು. ಭಾಲ್ಕಿಗೆ ಹತ್ತಿರದ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ, ಚಾಲುಕ್ಯರ ರಾಜಧಾನಿಯಾಗಿದ್ದಾಗ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ'ವನ್ನು ರಚಿಸಿದ. ಅರಸ ಯಾವ ಎಣ್ಣೆ ಹಚ್ಚಿ ಮೀಯಬೇಕು, ಏನು ಉಣ್ಣಬೇಕು, ಎಂಥ ನೀರು ಕುಡಿಯಬೇಕು, ತಾಂಬೂಲಕ್ಕೆ ಏನೇನು ಸೇರಿಸಬೇಕು ಎಂಬುದೆಲ್ಲ ಅದರಲ್ಲಿ ಭೋಗಗಳ ಹೆಸರಿನಲ್ಲಿ ವಿವರವಾಗಿದೆ. ಇಂದಿನ ಮಾತಿನಲ್ಲಿ ಜೀವನಶೈಲಿ ಎನ್ನುವುದು ಅಂದು ರಾಜಭೋಗ. ಸುಮಾರು 1150ರ ಹೊತ್ತಿಗೆ ಜಗದ್ದಳ ಸೋಮನಾಥ ಪೂಜ್ಯಪಾದನ ವೈದ್ಯಗ್ರಂಥವನ್ನು 'ಕರ್ಣಾಟಕ ಕಲ್ಯಾಣಕಾರಕ' ಎಂದು ಕನ್ನಡಕ್ಕೆ ತಂದ. ಅದಕ್ಕೂ ಮೊದಲು, 1125ರ ಸುಮಾರಿಗೆ, ಚಾಲುಕ್ಯ ಮನೆತನದ ಕೀರ್ತಿವರ್ಮ 'ಗೋವೈದ್ಯ' ಬರೆದಿದ್ದ. ದನಕರುಗಳ ಆರೋಗ್ಯದ ಈ ಕನ್ನಡ ಪುಸ್ತಕ ಬಂದ ಎಷ್ಟೋ ಕಾಲದವರೆಗೂ ಅವನ್ನು ಸಾಕುವ ರೈತನ ಆರೋಗ್ಯ ನಾಟಿವೈದ್ಯರ, ಸೂಲಗಿತ್ತಿಯರ ಬಾಯಿಪಾಠದಲ್ಲೇ ಉಳಿಯಿತು.

ದೇಹವನ್ನು ಶಾಶ್ವತಗೊಳಿಸುವ ಆಸೆಗೆ ದಖ್ಖನಿನಲ್ಲಿ ಇನ್ನೊಂದು ಕವಲೂ ಇತ್ತು. ಪಾದರಸ, ಗಂಧಕ, ಯೋಗ ಇವುಗಳ ಬಲದಿಂದ ಕಾಯಸಿದ್ಧಿ ಪಡೆಯುತ್ತೇವೆಂದು ಹೊರಟ ಸಿದ್ಧರು, ನಾಥರು ಶ್ರೀಶೈಲದಿಂದ ಹಿಡಿದು ಇಡೀ ಸೀಮೆಯಲ್ಲಿ ಓಡಾಡಿದ್ದರು. ಕಲ್ಯಾಣದ ಶರಣರು ಇದನ್ನು ಒಪ್ಪಲಿಲ್ಲ. ಶರಣ ಅಲ್ಲಮಪ್ರಭು ಮತ್ತು ನಾಥಸಿದ್ಧ ಗೋರಕ್ಷರ ಭೇಟಿಯ ಪ್ರಸಂಗ ಈ ಜಗಳವನ್ನೇ ಕಥೆ ಮಾಡಿ ಹೇಳುತ್ತದೆ. ಗೋರಕ್ಷನದು ವಜ್ರದೇಹ, ಕತ್ತಿಯಿಂದ ಹೊಡೆದರೆ ಖಣಿಲ್ ಎಂದು ಸದ್ದಾಯಿತೇ ಹೊರತು ಕೂದಲೂ ಕೊಂಕಲಿಲ್ಲ. ಅದೇ ಕತ್ತಿಯಿಂದ ಅಲ್ಲಮನನ್ನು ಹೊಡೆದಾಗ ಅದು ಬಯಲಲ್ಲಿ ಬೀಸಿದಂತೆ ಆಚೆ ಹಾದುಹೋಯಿತು. ಗಟ್ಟಿಯಾಗಿ ಉಳಿಯುವ ದೇಹವೇ ಸಾಧನೆಯೆಂದು ತಿಳಿದವನು ಸೋತ. 'ಶೂನ್ಯಸಂಪಾದನೆ'ಗಳಲ್ಲಿ ಬರುವ ಈ ಪ್ರಸಂಗವನ್ನು ಚಾಮರಸ 'ಪ್ರಭುಲಿಂಗಲೀಲೆ'ಯಲ್ಲಿ ಹಾಡಿದ್ದು ಸುಮಾರು 1430ರಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ.

ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ವಿಜಯನಗರದ ವೈರಿಗಳಾದ ಬಹಮನಿ ಸುಲ್ತಾನರು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಸಾಗಿಸುತ್ತಿದ್ದರು. ಸುಲ್ತಾನ ಅಹಮದ್ ಶಾಹ ಊರು ಬದಲಿಸಿದ್ದಕ್ಕೆ ಹಲವು ಕಾರಣಗಳಿದ್ದವು. ಹವೆ ಅವುಗಳಲ್ಲಿ ಒಂದು. ಬೀದರ್ ನಿಂತಿರುವುದು ಎರಡು ಸಾವಿರ ಅಡಿಗೂ ಎತ್ತರದ ಕೆಂಪು ಮುರಕಲ್ಲಿನ ಹಾಸಿನ ಮೇಲೆ. ಕೆಳಗಿನ ಕರಿನೆಲದ ಬಯಲಿಗಿಂತ ಇಲ್ಲಿ ಗಾಳಿ ತಂಪು, ಮಳೆಗಾಲದಲ್ಲಿ ಕೆಸರು ಕಡಿಮೆ.

ಅಹಮದ್ ಶಾಹನ ಮಗ ಎರಡನೆಯ ಅಲಾವುದ್ದೀನ್ ಅಹಮದ್ (ಆಳ್ವಿಕೆ 1436–1458) ಬೀದರಿನಲ್ಲಿ ಒಂದು ದಾರುಲ್ ಶಿಫಾ, ಅಂದರೆ ಆಸ್ಪತ್ರೆ, ಕಟ್ಟಿಸಿದ. ಇತಿಹಾಸಕಾರ ಫಿರಿಶ್ತಾ ಅದರ ವ್ಯವಸ್ಥೆಯನ್ನು ದಾಖಲಿಸಿದ್ದಾನೆ. ಆಸ್ಪತ್ರೆಯ ಖರ್ಚಿಗೆ ಕೆಲವು ಹಳ್ಳಿಗಳ ಕಂದಾಯವನ್ನು ಬಿಟ್ಟುಕೊಡಲಾಗಿತ್ತು. ಆ ಹಣದಲ್ಲಿ ರೋಗಿಗಳಿಗೆ ಔಷಧ, ಊಟ, ಪಾನೀಯ ಎಲ್ಲವೂ ಸಿಗುತ್ತಿತ್ತು. ಮುಸ್ಲಿಂ ಹಕೀಮರ ಜೊತೆಗೆ ಹಿಂದೂ ವೈದ್ಯರನ್ನೂ ನೇಮಿಸಲಾಗಿತ್ತು. ಬೀದರ್ ಸೀಮೆಯ ಆರೋಗ್ಯ ಚರಿತ್ರೆಯಲ್ಲಿ ಕೋಟೆ ಅರಮನೆಗಳಿಗಿಂತ ದೊಡ್ಡ ಕೆಲಸ ಇದು. ಬಾದಶಹನ ಖಾಸಗಿ ಹಕೀಮ ಎಲ್ಲ ಕಾಲದಲ್ಲೂ ಇದ್ದ. ದುಡ್ಡಿಲ್ಲದವನಿಗೆ ಊಟವನ್ನೂ ಹಾಕಿ ಮದ್ದು ಕೊಡುವ ಮನೆ, ಅದಕ್ಕೆ ಕಾಯಂ ಆದಾಯ, ಎರಡು ಪರಂಪರೆಯ ವೈದ್ಯರು ಒಂದೇ ಸೂರಿನಡಿ ಎಂಬುದು ಬೇರೆಯೇ ಮಾತು.

ಎರಡೂ ಪರಂಪರೆಗಳು ಮುಪ್ಪಿನ ಬಗ್ಗೆ ಹೇಳುತ್ತಿದ್ದುದು ಕೇಳಲು ಬೇರೆಬೇರೆ, ಮಾಡಿಸುತ್ತಿದ್ದುದು ಬಹುಮಟ್ಟಿಗೆ ಒಂದೇ. ಹಕೀಮರ ಯುನಾನಿ ಪದ್ಧತಿಯ ದೊಡ್ಡ ಗುರು ಇಬ್ನ್ ಸೀನಾ (980–1037) ಹೇಳಿದಂತೆ ಮನುಷ್ಯ ಹುಟ್ಟುವಾಗಲೇ ಒಂದಿಷ್ಟು ಸಹಜ ಶಾಖವನ್ನೂ ಒಂದಿಷ್ಟು ಸಹಜ ತೇವವನ್ನೂ ತರುತ್ತಾನೆ. ದೀಪ ಉರಿದಂತೆ ಎಣ್ಣೆ ತೀರುವ ಹಾಗೆ ಶಾಖ ಆ ತೇವವನ್ನು ಹೀರುತ್ತ ಹೋಗುತ್ತದೆ. ದೇಹ ಒಣಗುವುದೇ ಮುಪ್ಪು. ಸಾವನ್ನು ತಪ್ಪಿಸುವುದಾಗಲಿ, ಎಲ್ಲರಿಗೂ ಅತಿ ದೀರ್ಘ ಆಯುಷ್ಯ ಕೊಡುವುದಾಗಲಿ ವೈದ್ಯನ ಕೆಲಸವಲ್ಲ, ತೇವ ಕೆಡದಂತೆ, ಬೇಗ ಆರದಂತೆ ಕಾಪಾಡಿ ಪ್ರತಿಯೊಬ್ಬನನ್ನು ಅವನವನ ಸಹಜ ಆಯುಷ್ಯದ ಕೊನೆಗೆ ಮುಟ್ಟಿಸುವುದಷ್ಟೇ ಎಂದು ಆತ ಗೆರೆ ಎಳೆದಿದ್ದ. ಸಾವಿರ ವರ್ಷದ ಹಿಂದಿನ ಈ ಸಂಯಮ ಇಂದಿನ ಜಾಹೀರಾತುಗಳಲ್ಲಿ ಕಾಣುವುದಿಲ್ಲ.

ಆ ಸಹಜ ಆಯುಷ್ಯವನ್ನು ಕಾಪಾಡಲು ಹಕೀಮರ ಬಳಿ ಆರು ಅಗತ್ಯಗಳ ಲೆಕ್ಕವಿತ್ತು: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ಮಲಮೂತ್ರಗಳ ವಿಸರ್ಜನೆ. ಆಯುರ್ವೇದದ ದಿನಚರಿ, ಋತುಚರ್ಯೆಗಳಲ್ಲೂ ಇವೇ ಬರುತ್ತವೆ. ಕೋಪ, ಹಿಂಸೆ, ಅತಿ ಶ್ರಮ ಬಿಟ್ಟು ಸತ್ಯ, ಶುಚಿ, ದಾನಗಳಲ್ಲಿ ಇರುವವನಿಗೆ ಬೇರೆ ರಸಾಯನವೇ ಬೇಡ ಎಂಬ ಧಾಟಿಯಲ್ಲಿ ಚರಕ ಆಚಾರ ರಸಾಯನವನ್ನು ಹೇಳಿದರೆ, ಹಕೀಮ ಮುದುಕರಿಗೆ ಎಣ್ಣೆಯ ಮರ್ದನ, ಬೆಚ್ಚನೆಯ ಸ್ನಾನ, ಹಗುರ ಊಟ ಹೇಳುತ್ತಿದ್ದ. ಅಳಲೆ, ತಾರೆ, ನೆಲ್ಲಿ ಮೂರನ್ನೂ ಕೂಡಿಸಿ ವೈದ್ಯ ಚೂರ್ಣ ಮಾಡಿದರೆ ಹಕೀಮ ಅದೇ ಮೂರು ಕಾಯಿಗೆ ಜೇನು ಬೆರೆಸಿ ಇತ್ರಿಫಲ್ ಎಂಬ ಲೇಹ ಮಾಡುತ್ತಿದ್ದ. ಬೀದರ್ ಕೋಟೆಯೊಳಗಿನ ಹಮಾಮು ಈ ಬಗೆಯ ಆರೈಕೆ ಅರಮನೆಯ ದಿನಚರಿಯಲ್ಲಿ ಎಷ್ಟು ಬೇರೂರಿತ್ತು ಎಂಬುದಕ್ಕೆ ಸಾಕ್ಷಿ. ದಪ್ಪ ಗೋಡೆಯ ಆ ಸ್ನಾನಗೃಹದಲ್ಲಿ ಈಗ ಪ್ರಾಚ್ಯವಸ್ತು ಸಂಗ್ರಹಾಲಯವಿದೆ. ಒಂದು ಕಾಲಕ್ಕೆ ಸುಲ್ತಾನರು ಬಿಸಿನೀರಿಗೆ ಬರುತ್ತಿದ್ದ ಕಡೆ ಇಂದು ಶಾಲಾ ಮಕ್ಕಳು ಹಳೆಯ ಶಿಲ್ಪ, ಆಯುಧ ನೋಡುತ್ತಾರೆ.

ಇಷ್ಟೆಲ್ಲ ಇದ್ದೂ ಸುಲ್ತಾನರು ಬಾಳಿದ್ದು ಎಷ್ಟು ವರ್ಷ? ಆಸ್ಪತ್ರೆ ಕಟ್ಟಿಸಿದ ಅಲಾವುದ್ದೀನ್ 1458ರಲ್ಲಿ ತೀರಿಕೊಂಡದ್ದು ಕಾಲಿನ ವಾಸಿಯಾಗದ ಹುಣ್ಣಿನಿಂದ. ಮಗ ಹುಮಾಯೂನ್ ಮೂರು ವರ್ಷ ಆಳಿ 1461ರಲ್ಲಿ ಸತ್ತ. ಮೊಮ್ಮಗ ನಿಜಾಮ್ ಶಾಹ ಹುಡುಗನಾಗಿದ್ದಾಗಲೇ 1463ರಲ್ಲಿ ತೀರಿಕೊಂಡ. ಅವನ ತಮ್ಮ ಮೂರನೆಯ ಮುಹಮ್ಮದ್ ಕುಡಿತಕ್ಕೆ ಬಿದ್ದು ಮೂವತ್ತು ತುಂಬುವ ಮೊದಲೇ 1482ರಲ್ಲಿ ಹೋದ. ಆ ಆಸ್ಥಾನದಲ್ಲಿ ಮುಪ್ಪನ್ನು ಕಂಡವನು ವಜೀರ ಮಹಮೂದ್ ಗವಾನ್. ಇರಾನಿನ ಗೀಲಾನಿನಿಂದ ನಡುವಯಸ್ಸಿನಲ್ಲಿ ವ್ಯಾಪಾರಿಯಾಗಿ ಬಂದ ಆತ ಎಪ್ಪತ್ತು ದಾಟಿದ ಮೇಲೂ ರಾಜ್ಯದ ಭಾರ ಹೊತ್ತಿದ್ದ. ಅವನನ್ನು 1481ರ ಏಪ್ರಿಲಿನಲ್ಲಿ ಕೊಂದದ್ದು ರೋಗವಲ್ಲ, ಖೋಟಾ ಪತ್ರವನ್ನು ನಂಬಿದ ಯುವ ಸುಲ್ತಾನನ ಆಜ್ಞೆ. ಆಜ್ಞೆ ಕೊಟ್ಟವನು ಒಂದು ವರ್ಷವೂ ಬದುಕಿ ಉಳಿಯಲಿಲ್ಲ.

ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಇಂದಿಗೂ ಹಳೇ ಬೀದರಿನ ನಡುವೆ ನೀಲಿ ಹೆಂಚಿನ ಗೋಡೆಯೊಂದಿಗೆ ನಿಂತಿದೆ. ಮೂರು ಅಂತಸ್ತು, ವಿದ್ಯಾರ್ಥಿಗಳ ಕೋಣೆಗಳು, ಮೂರು ಸಾವಿರ ಹಸ್ತಪ್ರತಿಗಳ ಭಂಡಾರ ಆಗ ಅದರಲ್ಲಿದ್ದವು. ಅಂದಿನ ಇಸ್ಲಾಮಿ ವಿದ್ಯಾಭ್ಯಾಸದಲ್ಲಿ ತರ್ಕ, ಗಣಿತ, ಖಗೋಳಗಳಂತೆ ವೈದ್ಯವೂ ಹಿಕ್ಮತ್ತಿನ, ಅಂದರೆ ತತ್ತ್ವಜ್ಞಾನದ, ಒಂದು ಭಾಗ. 17ನೇ ಶತಮಾನದ ಕೊನೆಗೆ, ಔರಂಗಜೇಬನ ಕಾಲದಲ್ಲಿ, ಒಳಗೆ ಶೇಖರಿಸಿದ್ದ ಮದ್ದಿನಪುಡಿ ಸಿಡಿದು ಕಟ್ಟಡದ ಒಂದು ಭಾಗ, ಒಂದು ಮಿನಾರು ಹಾರಿಹೋದವು.

ಮದರಸಾದ ಗೋಡೆ ಏಳುತ್ತಿದ್ದ ದಿನಗಳಲ್ಲೇ ರಷ್ಯದ ವ್ಯಾಪಾರಿ ಅಫಾನಾಸಿ ನಿಕಿತಿನ್ ಬೀದರಿನಲ್ಲಿದ್ದ. ಅಮೀರರು ಬೆಳ್ಳಿಯ ಪಲ್ಲಕ್ಕಿಯಲ್ಲಿ ಕುಳಿತು, ಮುಂದೆ ಕುದುರೆ, ಹಿಂದೆ ಆಳುಗಳನ್ನು ಸಾಲುಗಟ್ಟಿಸಿಕೊಂಡು ಹೋಗುವುದನ್ನೂ, ಹಳ್ಳಿಯ ಜನ ಕಡುಬಡತನದಲ್ಲಿ ಇರುವುದನ್ನೂ ಅವನು ಬರೆದಿಟ್ಟಿದ್ದಾನೆ. ಅದೇ 1470ರ ದಶಕದಲ್ಲಿ ಎರಡು ವರ್ಷ ಮಳೆ ಬಾರದೆ ದಖ್ಖನಿನಲ್ಲಿ ಭೀಕರ ಬರ ಬಿತ್ತು. ಊರುಗಳು ಖಾಲಿಯಾದವು. ಹಸಿವಿಗೆ ಯಾವ ಲೇಹವೂ ಮದ್ದಲ್ಲ ಎಂಬುದನ್ನು ತಿಳಿಯಲು ವೈದ್ಯಗ್ರಂಥ ಬೇಕಿರಲಿಲ್ಲ.

ಬಹಮನಿ ಬೀದರ್ ಜನಸಾಮಾನ್ಯರ ಆಯುಷ್ಯಕ್ಕೆ ಕೊಟ್ಟ ದೊಡ್ಡ ಕೊಡುಗೆ ನೆಲದ ಮೇಲೆ ಕಾಣುವುದಿಲ್ಲ. ಅದು ನೆಲದಡಿಯ ನೀರಿನ ದಾರಿ, ಕರೇಜ್. ಊರವರ ಮಾತಿನಲ್ಲಿ ಸುರಂಗ ಬಾವಿ. ಬೀದರಿನ ಮುರಕಲ್ಲು ಮಳೆನೀರನ್ನು ಹೀರುತ್ತದೆ. ಕೆಳಗಿನ ಕರಿಕಲ್ಲು ಅದನ್ನು ಇಳಿಯಲು ಬಿಡುವುದಿಲ್ಲ. ಎರಡೂ ಕೂಡುವಲ್ಲಿ ನೀರು ನಿಲ್ಲುತ್ತದೆ. ಇರಾನಿನ ಕುಶಲಿಗರ ವಿದ್ಯೆಯಿಂದ ಆ ಸಂಧಿಯನ್ನು ಹಿಡಿದು, ಅತಿ ಸಣ್ಣ ಇಳಿಜಾರಿನಲ್ಲಿ ಸುರಂಗ ಕೊರೆದು, ಅಲ್ಲಲ್ಲಿ ಮೇಲಿನಿಂದ ಗಾಳಿಗಿಂಡಿ ಇಳಿಸಿ, ಏತವಿಲ್ಲದೆ ಎತ್ತಿಲ್ಲದೆ ನೀರು ತಾನಾಗಿ ಹರಿದು ಬರುವಂತೆ ಮಾಡಲಾಯಿತು. ನೌಬಾದಿನ ಕರೇಜಿನಲ್ಲಿ ಇಂಥ ಇಪ್ಪತ್ತೊಂದು ಕಿಂಡಿಗಳನ್ನು ಗುರುತಿಸಲಾಗಿದೆ. ಶುಕ್ಲತೀರ್ಥ, ಜಮುನಾ ಮೋರಿ ಎಂಬ ಇನ್ನೆರಡು ಜಾಲಗಳೂ ಇವೆ. ಕಿಂಡಿಯ ಬಾಯಿಗೆ ಬಗ್ಗಿ ನೋಡಿದರೆ ಕೆಂಪು ಕಲ್ಲಿನಲ್ಲಿ ಉಳಿಯ ಗೀರು ಇಂದಿಗೂ ಕಾಣುತ್ತದೆ. ಬಿಸಿಲು ಬೀಳದ, ದನ ಇಳಿಯದ, ಹರಿಯುತ್ತಲೇ ಇರುವ ನೀರು ಕೆಡುವುದು ಕಡಿಮೆ. ಬಳಕೆ ತಪ್ಪಿ ಹೂಳು ತುಂಬಿದ್ದ ಇವುಗಳತ್ತ ಮತ್ತೆ ಕಣ್ಣು ಹರಿದದ್ದು ಕಳೆದ ಹದಿನೈದು ವರ್ಷಗಳ ಈಚೆಗೆ. ವಿಶ್ವ ಸ್ಮಾರಕ ನಿಧಿಯ 2014ರ ಕಾವಲುಪಟ್ಟಿಗೆ ಐತಿಹಾಸಿಕ ಬೀದರ್ ನಗರ ಸೇರಿತು.

ಇದೇ ಕಲ್ಲಿನ ಸಂಧಿಯಿಂದ ಒಸರುವ ಝರಿಗಳೇ ಬೀದರಿನ ಪುಣ್ಯಕ್ಷೇತ್ರಗಳೂ ಆಗಿವೆ. ನಾನಕ್ ಝೀರಾದ ಸಿಹಿನೀರಿನ ಝರಿಯನ್ನು ಸಿಖ್ಖರು 16ನೇ ಶತಮಾನದ ಆರಂಭದಲ್ಲಿ ಬಂದ ಗುರುನಾನಕರ ಕೃಪೆ ಎಂದು ನಂಬುತ್ತಾರೆ. ನರಸಿಂಹ ಝರಣಿಯ ಗುಹೆಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದು ದೇವರ ದರ್ಶನಕ್ಕೆ ಹೋಗುತ್ತಾರೆ. ಎರಡೂ ಕಡೆ ರೋಗ ವಾಸಿಯಾಗಲೆಂದು ಹರಕೆ ಹೊರುವುದುಂಟು.

ಬಹಮನಿ ರಾಜ್ಯ ಒಡೆದ ಮೇಲೆ ಬೀದರ್ ಬರೀದ್ ಶಾಹಿಗಳ ಪಾಲಾಯಿತು. 1619ರಲ್ಲಿ ಬಿಜಾಪುರದ ಇಬ್ರಾಹಿಂ ಆದಿಲ್ ಶಾಹ ಅದನ್ನು ಗೆದ್ದುಕೊಂಡ. ಬೀದರಿನ ದಾರುಲ್ ಶಿಫಾದ ಸುದ್ದಿ ಉಳಿಸಿದ ಫಿರಿಶ್ತಾ ಇದೇ ಇಬ್ರಾಹಿಮನ ಆಸ್ಥಾನಿಕ. ಚರಿತ್ರೆಕಾರನೆಂದು ಹೆಸರಾದ ಅವನು ವೈದ್ಯವನ್ನೂ ಓದಿದ್ದವನು. ಭಾರತದ ವೈದ್ಯವನ್ನು ಪಾರಸಿ ಬಲ್ಲವರಿಗೆ ತಿಳಿಸಲೆಂದು 'ದಸ್ತೂರುಲ್ ಅತಿಬ್ಬಾ' ಎಂಬ ಪುಸ್ತಕ ಬರೆದ. ವಾತ ಪಿತ್ತ ಕಫಗಳು, ನಾಡಿನ ಗಿಡಮೂಲಿಕೆಗಳು ಪಾರಸಿಯಲ್ಲಿ ಹಕೀಮರ ಕೈಗೆ ಸಿಕ್ಕಿದವು. 1657ರಲ್ಲಿ ಔರಂಗಜೇಬ್ ಬೀದರ್ ಕೋಟೆ ಹಿಡಿದ. 1724ರಿಂದ ಮುಂದೆ ಅದು ಹೈದರಾಬಾದಿನ ನಿಜಾಮರ ರಾಜ್ಯದ ಮೂಲೆಯ ಜಿಲ್ಲೆ. ರಾಜಧಾನಿಯ ಕಳೆ ಹೋದ ಊರಿನಲ್ಲಿ ಆಸ್ಪತ್ರೆಗೆ ಹಳ್ಳಿ ಬಿಟ್ಟುಕೊಡುವ ದೊರೆಯೂ ಇರಲಿಲ್ಲ.

ನಿಜಾಮರ ಕಾಲದಲ್ಲಿ ಹೈದರಾಬಾದಿನಲ್ಲಿ ಹೊಸ ವೈದ್ಯದ ಶಾಲೆ 1846ರಲ್ಲೇ ತೆರೆಯಿತು, ಯುನಾನಿಗೂ ಸರ್ಕಾರಿ ಪೋಷಣೆ ಸಿಕ್ಕಿತು. ಆದರೆ ಭಾಲ್ಕಿ, ಔರಾದಿನಂಥ ಕಡೆ ಜನರ ಪಾಲಿಗೆ ಇದ್ದದ್ದು ಊರಿನ ಹಕೀಮ ಸಾಹೇಬರು, ಮಠದ ಅಯ್ಯನವರು ಕೊಡುವ ಮೂಲಿಕೆ, ಮನೆಯ ಅಜ್ಜಿಯ ಕಷಾಯ. ಹೈದರಾಬಾದಿನ ಹಕೀಮ್ ಮೊಹಮ್ಮದ್ ಮೊಯಿಜುದ್ದೀನ್ ಫಾರೂಕಿ 1920ರಲ್ಲಿ ತಯಾರಿಸಿದ ಜಿಂದಾ ತಿಲಿಸ್ಮಾತ್ ಎಂಬ ನೀಲಗಿರಿ ಎಣ್ಣೆಯ ಔಷಧ ನೆಗಡಿ, ಕೆಮ್ಮು, ಹೊಟ್ಟೆನೋವು ಎಲ್ಲಕ್ಕೂ ಸೈ ಎನಿಸಿಕೊಂಡು ನಿಜಾಮ್ ರಾಜ್ಯದ ಮನೆಮನೆ ಹೊಕ್ಕಿತು. ಇಂದಿಗೂ ಬೀದರಿನ ಔಷಧದಂಗಡಿಯಲ್ಲಿ ಆ ಪುಟ್ಟ ಶೀಶೆ ಕೇಳಿದರೆ ಸಿಗುತ್ತದೆ.

1911ರಿಂದ 1921ರವರೆಗಿನ ಭಾರತದಲ್ಲಿ ಹುಟ್ಟಿದ ಮಗುವಿನ ಸರಾಸರಿ ನಿರೀಕ್ಷಿತ ಆಯುಷ್ಯ ಇಪ್ಪತ್ತರ ಆಸುಪಾಸಿಗೆ ಕುಸಿದಿತ್ತು. 1918ರ ಇನ್‌ಫ್ಲುಯೆಂಜಾ ಒಂದೇ ದೇಶದಲ್ಲಿ ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತ್ತು. ಇಪ್ಪತ್ತು ಎಂದರೆ ಎಲ್ಲರೂ ಇಪ್ಪತ್ತಕ್ಕೆ ಸಾಯುತ್ತಿದ್ದರು ಎಂದಲ್ಲ. ತೊಟ್ಟಿಲಲ್ಲೇ ಹೋದ ಕೂಸುಗಳು, ಬಾಣಂತನದಲ್ಲಿ ಹೋದ ತಾಯಂದಿರು ಸರಾಸರಿಯನ್ನು ಪಾತಾಳಕ್ಕೆ ಎಳೆಯುತ್ತಿದ್ದರು. ಆ ಗಂಡಾಂತರಗಳನ್ನು ದಾಟಿದವರಲ್ಲಿ ಎಪ್ಪತ್ತು ಎಂಬತ್ತು ಮುಟ್ಟಿದವರು ಪ್ರತಿ ಊರಲ್ಲೂ ಇದ್ದರು. 'ಹಿಂದಿನವರು ನೂರು ವರ್ಷ ಬದುಕುತ್ತಿದ್ದರು' ಎಂಬ ಮಾತು ಹುಟ್ಟಿದ್ದು ಬದುಕುಳಿದವರನ್ನಷ್ಟೇ ನೋಡಿ.

ಹಾಗೆ ನೂರು ದಾಟಿ ಬದುಕಿದವರಲ್ಲಿ ಈ ಸೀಮೆಯ ಎಲ್ಲರೂ ಬಲ್ಲ ಹೆಸರು ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು (1889–1999). ಹುಟ್ಟಿದ್ದು ಆಗ ಔರಾದ್ ತಾಲ್ಲೂಕಿಗೆ ಸೇರಿದ್ದ ಕಮಲನಗರದಲ್ಲಿ. ಉರ್ದು ಆಡಳಿತ ಭಾಷೆಯಾಗಿದ್ದ ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು ಎಂದು ನಾಡು ಅವರನ್ನು ನೆನೆಯುತ್ತದೆ. ಬರ, ಇನ್‌ಫ್ಲುಯೆಂಜಾ, ನಿಜಾಮರ ಪರ ನಿಂತ ರಜಾಕಾರರ ಹಾವಳಿ, ನಿಜಾಮ್ ರಾಜ್ಯವನ್ನು ಭಾರತಕ್ಕೆ ಸೇರಿಸಿದ 1948ರ ಪೊಲೀಸ್ ಕಾರ್ಯಾಚರಣೆ, 1956ರ ಕರ್ನಾಟಕ ಏಕೀಕರಣ ಎಲ್ಲವನ್ನೂ ಕಂಡ ಜೀವ ಅದು. ಒಬ್ಬರ ದೀರ್ಘಾಯುಷ್ಯದಿಂದ ವಿಜ್ಞಾನಕ್ಕೆ ಸೂತ್ರ ಸಿಗುವುದಿಲ್ಲ. ಮಿತವಾದ ಸಸ್ಯಾಹಾರ, ನಸುಕಿನ ಏಳುವಿಕೆ, ಕೊನೆಯವರೆಗೂ ಮಾಡಲು ಕೆಲಸ ಎಂದು ಪಟ್ಟಿ ಮಾಡುವುದು ಸುಲಭ, ಅದೇ ರೀತಿ ಬದುಕಿ ಐವತ್ತಕ್ಕೇ ಹೋದವರ ಪಟ್ಟಿ ಯಾರೂ ಮಾಡುವುದಿಲ್ಲ. ಆದರೂ ಒಂದು ಮಾತು ನಿಜ: ಅವರು ದೊಡ್ಡದು ಮಾಡಿದ ಕೆಲಸ, ಅಂದರೆ ಬಡಮಕ್ಕಳಿಗೆ ಅನ್ನ ಮತ್ತು ಅಕ್ಷರ, ಇಡೀ ಸಮುದಾಯದ ಆಯುಷ್ಯ ಹೆಚ್ಚಿಸುವ ದಾರಿಗಳಲ್ಲಿ ಮುಂಚೂಣಿಯದು. ಓದಿದ ತಾಯಿಯ ಮಕ್ಕಳು ಬದುಕುಳಿಯುವ ಪ್ರಮಾಣ ಹೆಚ್ಚು ಎಂಬುದು ಜಗತ್ತಿನ ಎಲ್ಲ ಕಡೆ ಮತ್ತೆ ಮತ್ತೆ ಕಂಡುಬಂದ ಸಂಗತಿ.

ಸ್ವಾತಂತ್ರ್ಯದ ಹೊತ್ತಿಗೆ ಭಾರತೀಯರ ಸರಾಸರಿ ಆಯುಷ್ಯ ಮೂವತ್ತೆರಡು. ಇಂದು ಎಪ್ಪತ್ತರ ಆಸುಪಾಸು. ಈ ಜಿಗಿತಕ್ಕೆ ಕಾರಣ ಯಾವ ರಸಾಯನವೂ ಅಲ್ಲ. ಸಿಡುಬಿನ ಚುಚ್ಚುಮದ್ದು (ಭಾರತದ ಕೊನೆಯ ಪ್ರಕರಣ 1975), ಮಲೇರಿಯಾ ನಿಯಂತ್ರಣ, ಪ್ರತಿಜೀವಕಗಳು, ಹೆರಿಗೆ ಆಸ್ಪತ್ರೆ, ಪಡಿತರ, ಕುಡಿಯುವ ನೀರು. ನೀರಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೈದರಾಬಾದ್ ಕರ್ನಾಟಕದ ಮೆಟ್ಟಿಲಬಾವಿಗಳಲ್ಲಿ ನಾರುಹುಣ್ಣಿನ ಹುಳು ಇತ್ತು. ಕಣ್ಣಿಗೆ ಕಂಡೂ ಕಾಣದ ನೀರಚಿಗಟದೊಳಗೆ ಅದರ ಮರಿ. ನೀರು ಕುಡಿದ ಒಂದು ವರ್ಷಕ್ಕೆ ಕಾಲಿನಲ್ಲಿ ಗುಳ್ಳೆ ಎದ್ದು, ಒಡೆದು, ಬಿಳಿ ದಾರದಂಥ ಹುಳು ತಲೆ ಹೊರಹಾಕುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಷ್ಟು ಎಳೆಯಬೇಕು, ತುಂಡಾದರೆ ಕಾಲು ಬಾತು ಕೀವು. ಉರಿ ತಾಳದೆ ರೋಗಿ ಬಾವಿಯ ಮೆಟ್ಟಿಲಿಳಿದು ಕಾಲು ನೀರಿಗಿಟ್ಟರೆ ಹುಳು ಮತ್ತೆ ಮರಿಗಳನ್ನು ಬಿಡುತ್ತಿತ್ತು. ಬಿತ್ತನೆ, ರಾಶಿಯ ಕಾಲಕ್ಕೇ ಗಂಡಾಳು ಹೆಣ್ಣಾಳು ಹಾಸಿಗೆ ಹಿಡಿಯುತ್ತಿದ್ದರು. ಇದಕ್ಕೆ ಲಸಿಕೆಯೂ ಇಲ್ಲ, ಮಾತ್ರೆಯೂ ಇಲ್ಲ. ಮೆಟ್ಟಿಲು ಮುಚ್ಚಿ ಸೇದೋಬಾವಿ ಮಾಡಿದ್ದು, ಕೊಳವೆಬಾವಿಗೆ ಕೈಪಂಪು ಕೂರಿಸಿದ್ದು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸಿದ್ದು, ಇಷ್ಟರಿಂದಲೇ ರೋಗ ಅಳಿಯಿತು. ದೇಶದ ಕೊನೆಯ ನಾರುಹುಣ್ಣು 1996ರಲ್ಲಿ ಕಂಡಿತು. 2000ದಲ್ಲಿ ಭಾರತ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಆರು ನೂರು ವರ್ಷದ ಹಿಂದೆ ಕರೇಜ್ ಕೊರೆದವರಿಗ್ಯಾರಿಗೂ ಈ ಹುಳುವಿನ ಜೀವನಚಕ್ರ ಗೊತ್ತಿರಲಿಲ್ಲ, ಆದರೆ ಜನ ಕಾಲಿಡದ ನೀರು ಒಳ್ಳೆಯದು ಎಂಬುದು ಗೊತ್ತಿತ್ತು.

ಎಲ್ಲರಿಗೂ ಒಂದೇ ವೇಗದಲ್ಲಿ ಸೌಲಭ್ಯ ಬರಲಿಲ್ಲ. ಪ್ರಾದೇಶಿಕ ಅಸಮತೋಲನ ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಔರಾದ್ ಮತ್ತು ಭಾಲ್ಕಿ ಎರಡೂ ಇದ್ದವು. ಬೀದರ್ ವೈದ್ಯಕೀಯ ವಿಜ್ಞಾನ ಸಂಸ್ಥೆ, ಅಂದರೆ ಬ್ರಿಮ್ಸ್, ಶುರುವಾದದ್ದು ಅದರ ನಂತರ, 2007ರಲ್ಲಿ. ಅಲ್ಲಿಯವರೆಗೆ ದೊಡ್ಡ ಕಾಯಿಲೆ ಎಂದರೆ ಹೈದರಾಬಾದ್ ಅಥವಾ ಸೊಲ್ಲಾಪುರದ ಬಸ್ಸು ಹಿಡಿಯುವುದೇ.

ಮುಪ್ಪಿನ ಆಧುನಿಕ ವಿಜ್ಞಾನ ಹುಟ್ಟಿದ್ದು ಇಲಿಗಳ ಊಟದಿಂದ. 1935ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕೇ, ಕಡಿಮೆ ಕ್ಯಾಲೊರಿ ತಿಂದ ಇಲಿಗಳು ಹೊಟ್ಟೆ ತುಂಬ ತಿಂದವುಗಳಿಗಿಂತ ಹೆಚ್ಚು ಕಾಲ ಬದುಕಿದ್ದನ್ನು ತೋರಿಸಿದರು. ಕಾಕತಾಳೀಯವೆಂಬಂತೆ ಮೂರೇ ವರ್ಷಕ್ಕೆ, 1938ರಲ್ಲಿ, ರಾಷ್ಟ್ರೀಯ ನಾಯಕ ಪಂಡಿತ ಮದನಮೋಹನ ಮಾಳವೀಯರು ಚರಕೋಕ್ತ ಕುಟೀಪ್ರವೇಶದ ಕಾಯಕಲ್ಪ ಮಾಡಿಸಿಕೊಂಡರು. ದೇಶದ ಪತ್ರಿಕೆಗಳಲ್ಲೆಲ್ಲ ಅದು ಸುದ್ದಿ. ಅವರು ತೀರಿಕೊಂಡದ್ದು 1946ರಲ್ಲಿ, ಎಂಬತ್ತನಾಲ್ಕರ ವಯಸ್ಸಿನಲ್ಲಿ. ಕುಟೀರದಲ್ಲಿದ್ದವರು ಒಬ್ಬರು, ಹೋಲಿಸಿ ನೋಡಲು ಇನ್ನೊಬ್ಬರಿಲ್ಲ. ಮೆಕೇಯ ಇಲಿಗಳು ಗುಂಪುಗುಂಪಾಗಿದ್ದವು. ಹಳೆಯ ವಿದ್ಯೆಗೂ ಹೊಸ ವಿಜ್ಞಾನಕ್ಕೂ ಇರುವ ಅಂತರ ಬಹುಮಟ್ಟಿಗೆ ಇಷ್ಟೇ, ಆದರೆ ಇದು ಸಣ್ಣ ಅಂತರವಲ್ಲ.

ಕಡಿಮೆ ಊಟದ ಫಲವನ್ನು ಬರದ ನಾಡಿನಲ್ಲಿ ಎಚ್ಚರದಿಂದ ಓದಬೇಕು. ಮೆಕೇಯ ಇಲಿಗಳಿಗೆ ಕ್ಯಾಲೊರಿ ಮಾತ್ರ ಕಡಿಮೆ; ಜೀವಸತ್ವ, ಖನಿಜ, ಪ್ರೋಟೀನು ಪೂರ್ತಿ ಸಿಗುತ್ತಿತ್ತು. ಬರಗಾಲದ ಔರಾದಿನ ಅರೆಹೊಟ್ಟೆ ಅದಲ್ಲ. ಅಮೆರಿಕದಲ್ಲೇ ಆರೋಗ್ಯವಂತರು ಎರಡು ವರ್ಷ ಸುಮಾರು ಶೇ. 12ರಷ್ಟು ಕ್ಯಾಲೊರಿ ತಗ್ಗಿಸಿದ ಪ್ರಯೋಗದಲ್ಲಿ, ರಕ್ತದ ಗುರುತುಗಳಿಂದ ಅಳೆದ ಮುಪ್ಪಿನ ವೇಗ ಶೇ. 2–3ರಷ್ಟು ಕಡಿಮೆಯಾದದ್ದು 2023ರಲ್ಲಿ ವರದಿಯಾಯಿತು. ಇಷ್ಟು ಸಾಧಿಸಲು ಅಷ್ಟು ಕಷ್ಟ. ಬೀದರ್ ಸೀಮೆಯ ಹಳೆಯ ಊಟಕ್ಕೆ ಇಲ್ಲೊಂದು ಮಾತು ಸಲ್ಲುತ್ತದೆ. ಎಳ್ಳಮಾಸಿಯಂದು ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವ ಜನ ಹಸಿ ಕಡಲೆ, ತೊಗರಿ, ಅವರೆ, ಶೇಂಗಾ, ಮೆಂತ್ಯ ಮತ್ತು ಕೈಗೆ ಸಿಕ್ಕ ಸೊಪ್ಪು ತರಕಾರಿಯನ್ನೆಲ್ಲ ಹುಣಸೆಹುಳಿಯಲ್ಲಿ ಕುದಿಸಿ ಮಾಡುವ ಭಜ್ಜಿಯನ್ನು ಸಜ್ಜೆ ರೊಟ್ಟಿ, ಮಜ್ಜಿಗೆ ಬೆರೆಸಿದ ಜೋಳದ ಅಂಬಲಿಯ ಜೊತೆ ಉಣ್ಣುತ್ತಾರೆ. ನಾರು, ಕಾಳು, ಸೊಪ್ಪು, ಹುಳಿ ಹಿಡಿದ ಧಾನ್ಯ: ದೀರ್ಘಾಯುಷಿಗಳ ಊಟವೆಂದು ವಿಜ್ಞಾನಿಗಳು ಹೊಗಳುವ ಅಂಶಗಳೆಲ್ಲ ಆ ಒಂದು ತಟ್ಟೆಯಲ್ಲಿವೆ. ವರ್ಷಕ್ಕೊಮ್ಮೆ ಉಂಡರೆ ಅದು ಹಬ್ಬ, ದಿನವೂ ಉಂಡರೆ ಪಥ್ಯ.

ಮೆಕೇ ನಂತರದ ದಾರಿ ಕೋಶದೊಳಕ್ಕೆ ಹೋಯಿತು. ಮನುಷ್ಯನ ಕೋಶಗಳು ಲೆಕ್ಕವಿಲ್ಲದಷ್ಟು ಸಲ ಒಡೆಯಲಾರವು, ಸುಮಾರು ಐವತ್ತಕ್ಕೆ ನಿಲ್ಲುತ್ತವೆ ಎಂದು ಲಿಯೊನಾರ್ಡ್ ಹೇಫ್ಲಿಕ್ 1961ರಲ್ಲಿ ತೋರಿಸಿದರು. ಕ್ರೋಮೋಸೋಮುಗಳ ತುದಿಯ ಟೆಲೊಮಿಯರ್ ಕುರಿತ ಶೋಧಕ್ಕೆ 2009ರ ನೊಬೆಲ್ ಬಂತು. ಒಂದೇ ಜೀನ್ ಕೆಡಿಸಿದರೆ ಪುಟ್ಟ ದುಂಡುಹುಳುವಿನ ಆಯುಷ್ಯ ಇಮ್ಮಡಿಯಾಗುತ್ತದೆ ಎಂದು ಸಿಂಥಿಯಾ ಕೆನ್ಯನ್ 1993ರಲ್ಲಿ ಕಂಡರು. ಈಸ್ಟರ್ ದ್ವೀಪದ ಮಣ್ಣಿನಿಂದ ಸಿಕ್ಕ ರಪಮೈಸಿನ್, ಮುದಿ ಇಲಿಗಳಿಗೆ ಕೊಟ್ಟಾಗಲೂ ಆಯುಷ್ಯ ಹೆಚ್ಚಿಸಿದ್ದು 2009ರಲ್ಲಿ ಪ್ರಕಟವಾಯಿತು. ಒಡೆಯದೆಯೂ ಸಾಯದೆಯೂ ಉಳಿದು ಸುತ್ತಲಿನ ಕೋಶಗಳಿಗೆ ಉರಿಯೂತ ಹಬ್ಬಿಸುವ ಮುದಿಕೋಶಗಳನ್ನು ತೆಗೆದುಹಾಕುವ ಔಷಧಗಳ ಪರೀಕ್ಷೆ ನಡೆದಿದೆ. ಸಕ್ಕರೆ ಕಾಯಿಲೆಯ ಅಗ್ಗದ ಮಾತ್ರೆ ಮೆಟ್‌ಫಾರ್ಮಿನ್ ಕೂಡ ಈ ಸಾಲಿನಲ್ಲಿದೆ.

ಕರ್ನಾಟಕದಲ್ಲೂ ಈ ಕೆಲಸ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2024ರಲ್ಲಿ 'ಲಾಂಜೆವಿಟಿ ಇಂಡಿಯಾ' ಎಂಬ ಯೋಜನೆ ಆರಂಭಿಸಿತು; ಭಾರತೀಯರ ದೇಹದಲ್ಲಿ ಮುಪ್ಪಿನ ಗುರುತುಗಳು ಯಾವುವೆಂದು ತಿಳಿಯುವುದು ಅದರ ಗುರಿಗಳಲ್ಲಿ ಒಂದು. ಅದೇ ಆವರಣದ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ನಲವತ್ತೈದು ದಾಟಿದವರ ನೆನಪು, ರಕ್ತ, ಹೃದಯಗಳನ್ನು ವರ್ಷವರ್ಷವೂ ಅಳೆಯುತ್ತ ಬಂದಿದೆ. ದೇಶದ ಮಟ್ಟದಲ್ಲಿ ಮುಪ್ಪಿನ ಕುರಿತ 'ಲಾಸಿ' ಸಮೀಕ್ಷೆ 2017–18ರಲ್ಲಿ 72 ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿ, ಕೈಹಿಡಿತದ ಬಲದಿಂದ ಹಿಡಿದು ರಕ್ತದೊತ್ತಡದವರೆಗೆ ಅಳೆಯಿತು. ಹಳ್ಳಿಯ ಹಿರಿಯರ ವಯಸ್ಸು ಗೊತ್ತುಮಾಡುವುದೇ ಇಂಥ ಅಧ್ಯಯನಗಳ ಮೊದಲ ತೊಡಕು. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೂ ಮೊದಲು ಹುಟ್ಟಿದ ಬೀದರ್ ಸೀಮೆಯ ಅಜ್ಜ ಅಜ್ಜಿಯರಿಗೆ ರಜಾಕಾರರ ಗಲಾಟೆಯೇ ಪಂಚಾಂಗ. ಆಗ ಓಡಾಡುತ್ತಿದ್ದೆನೋ, ಎತ್ತಿಕೊಂಡು ಓಡಿದರೋ ಎಂಬುದರ ಮೇಲೆ ವಯಸ್ಸಿನ ಲೆಕ್ಕ.

ಮನುಷ್ಯನ ಮುಪ್ಪನ್ನು ನಿಧಾನಗೊಳಿಸುತ್ತದೆ ಎಂದು ಸಾಬೀತಾಗಿ, ಅದಕ್ಕೆಂದೇ ಅನುಮೋದನೆ ಪಡೆದ ಔಷಧ ಒಂದೂ ಇಂದಿಗೆ ಜಗತ್ತಿನಲ್ಲಿಲ್ಲ. ರಪಮೈಸಿನ್ ಇಲಿಗಳಲ್ಲಿ ಗೆದ್ದಿದೆ, ಮನುಷ್ಯರಲ್ಲಿ ಪರೀಕ್ಷೆ ಮುಗಿದಿಲ್ಲ. ರಸೌಷಧಿಯ ಹೆಸರಿನಲ್ಲಿ ಮಾರುವ ಕೆಲವು ಭಸ್ಮಗಳಲ್ಲಿ ಸೀಸ, ಪಾದರಸ ಮಿತಿಮೀರಿ ಸಿಕ್ಕಿರುವುದರಿಂದ ತಿಳಿದವರನ್ನು ಕೇಳದೆ ಅವನ್ನು ನುಂಗುವುದು ಅಪಾಯ. ಪಾರ್ಶ್ವವಾಯು, ಹೃದಯಾಘಾತಗಳನ್ನು ತಡೆದು ಆಯುಷ್ಯ ಉಳಿಸುತ್ತದೆಂದು ಖಚಿತವಾಗಿರುವ ಬಿಪಿ ಮಾತ್ರೆ ಮಾತ್ರ ಬೀದರ್, ಭಾಲ್ಕಿ, ಔರಾದ್ ಮೂರೂ ಊರುಗಳ ಸರ್ಕಾರಿ ದವಾಖಾನೆಯಲ್ಲಿ ಹಣ ಕೊಡದೆ ಸಿಗುತ್ತದೆ.